ಹಿರೇರ ಹೂವಿನ ಪಾನಕ

ಫೆಬ್ರುವರಿ ೩, ಸೋಮವಾರ

ಬರೆಯುವುದು ನನ್ನ ಜಾಯಮಾನವಲ್ಲ. ಡಾಕ್ಟರು ಹೇಳಿದರೆಂದು ಕೂತಿದ್ದೇನೆ. ದಿನಾಲು ಯಾವ ವಾಸನೆ ಬಂತು, ಯಾವುದು ಬರಲಿಲ್ಲ ಎಂದು ಬರೆದಿಡಬೇಕಂತೆ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಮೊದಲ ಪುಟದಲ್ಲೇ ಯೂರಿಯಾ ಚೀಲದ ಚಿತ್ರವಿದೆ. ಮೂಗು ಹೋದವನಿಗೆ ತಕ್ಕ ಪುಸ್ತಕ.

ಜನವರಿಯಲ್ಲಿ ಬಂದ ಜ್ವರ ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹುಳಿ, ಸಿಹಿ, ಉಪ್ಪು, ಕಹಿ ನಾಲಿಗೆಗೆ ತಿಳಿಯುತ್ತದೆ. ಅದರಾಚೆ ಏನೂ ಇಲ್ಲ. ನಿಂಬೆಹಣ್ಣು ಹೆಚ್ಚಿದರೆ ಬರೀ ಹುಳಿ ನೀರು. "ಬರಬಹುದು, ಬರದೇನೂ ಇರಬಹುದು. ಮುಂಜಾನೆ ಸಂಜಿ ನಾಕು ಪದಾರ್ಥ ಮೂಸಿ ನೋಡ್ರಿ" ಎಂದರು ಡಾಕ್ಟರು. ಏನು ಕೆಲಸ ಎಂದು ಕೇಳಿದರು. ಹೋಟೆಲಿನಲ್ಲಿ ಎಂದೆ. ಬಾರ್ ಕೌಂಟರಿನ ಹಿಂದೆ ನಿಂತು ಡ್ರಿಂಕ್ಸ್ ಕಲೆಸುತ್ತೇನೆ ಎಂದು ಹೇಳಲು ಬಾಯಿ ಬರಲಿಲ್ಲ.

ಗದಗಿನಲ್ಲಿ ಜನ ಈ ಕೆಲಸವೆಂದರೆ ಬಾಟಲಿಯ ಮುಚ್ಚಳ ತಿರುವಿ ನೀರು ಬೆರೆಸುವುದು ಎಂದುಕೊಂಡಿದ್ದಾರೆ. ನಾನು ಗೋವಾದಲ್ಲಿ ಕಲಿತು ಬಂದವನು. ಕಣ್ಣು ಕಟ್ಟಿ ಮೂಸಲು ಕೊಟ್ಟರೆ ಯಾವ ಬಾಟಲಿ ಎಂದು ಹೇಳುತ್ತಿದ್ದೆ. 'ಹೇಳುತ್ತಿದ್ದೆ' ಎಂದು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಬೆಟಗೇರಿಯ ಮನೆಗೆ ಎಂದಿನಂತೆ ಹಿತ್ತಲಿನಿಂದ ಬಂದು, ಕೆಲಸದ ಅಂಗಿಯನ್ನು ಬೇರೆ ಬಕೀಟಿಗೆ ಹಾಕಿ, ಸ್ನಾನ ಮಾಡಿ ಒಳಗೆ ಹೋದೆ. ಇದು ವಾಣಿಶ್ರೀಯ ಕಾನೂನು. ಮದುವೆಯಾದಾಗಿನಿಂದ ಇದೆ. ನಾನು ಕುಡಿಯುವವನಲ್ಲ, ಕಲೆಸುವಾಗ ಚಮಚದ ತುದಿಯಷ್ಟು ರುಚಿ ನೋಡುತ್ತೇನೆ, ಅಷ್ಟೇ. ಅಷ್ಟನ್ನೂ ನನ್ನ ಹೆಂಡತಿಯ ಮೂಗು ಒಪ್ಪುವುದಿಲ್ಲ. ಮುಂಡರಗಿಯ ತವರಿನಲ್ಲಿ ತನ್ನ ಗಂಡ ಜ್ಯೂಸ್ ಸೆಂಟರಿನಲ್ಲಿದ್ದಾನೆ ಎಂದೇ ಹೇಳಿಕೊಂಡು ಬಂದಿದ್ದಾಳೆ. ಅವಳಿಗೆ ಮೂಗಿನ ವಿಷಯ ಹೇಳಿಲ್ಲ. ಹೇಳಿದರೆ ಖುಷಿಪಟ್ಟಾಳು.

ವಾಸನೆ: ಇಲ್ಲ.

ಫೆಬ್ರುವರಿ ೪, ಮಂಗಳವಾರ

ಇಲ್ಲ.

ಫೆಬ್ರುವರಿ ೯, ರವಿವಾರ

ನಮ್ಮ ಹೋಟೆಲಿನ ಮಾಲೀಕರು ಮಹಾದೇವ ಸಾವಕಾರರು ಮಧ್ಯಾಹ್ನ ಮಗಳು ಕಾಂಚನಾಳನ್ನು ಕರೆದುಕೊಂಡು ಬಂದಿದ್ದರು. ಅವಳ ಮದುವೆ ಏಪ್ರಿಲಿನಲ್ಲಿ. ಅದಕ್ಕೂ ಮುಂಚೆ ಕಳಸಾಪುರದ ತೋಟದಲ್ಲಿ ಬೀಗರಿಗೆ, ಗೆಳೆಯರಿಗೆ ಒಂದು ಸಂಜೆಯ ಊಟ. ಕಾಂಚನಾ ವಿಮಾನ ನಿಲ್ದಾಣದಲ್ಲಿ ಕೊಂಡ ಬಾಟಲಿಯೊಂದನ್ನು ಕೌಂಟರಿನ ಮೇಲಿಟ್ಟಳು. ಒಳಗೆ ತಿಳಿಬಂಗಾರದ ಬಣ್ಣದ ಮದ್ಯ.

"ಎಲ್ಡರ್‌ಫ್ಲವರ್ ಅಂತ, ಸಿದ್ದಣ್ಣ. ಯುರೋಪಿನ್ಯಾಗಿನ ಒಂದು ಗಿಡದ ಬಿಳಿ ಹೂವಿಂದ ಮಾಡ್ತಾರ. ಇದರಾಗ ಹಣ್ಣಿನ ರಸ ಕಲಿಸಿ ಒಂದು ಪಂಚ್ ಮಾಡ್ರಿ. ಎಲ್ಲಾರೂ ಕುಡಿದು ನೆನಪ ಇಟ್ಕೋಬೇಕು."

ಸಾವಕಾರರು ಬಾಟಲಿ ತಿರುಗಿಸಿ ನೋಡಿದರು. "ಎಲ್ಡರ್ ಅಂದ್ರ ಹಿರೇರು. ಹಿರೇರ ಹೂವು! ಚೊಲೊ ಹೆಸರು ಇಟ್ಟಾರ" ಎಂದರು. ಅಷ್ಟರಲ್ಲಿ ಕಾಂಚನಾಳಿಗೆ ಫೋನು ಬಂತು. ತಿದ್ದುವವರು ಯಾರೂ ಇರಲಿಲ್ಲ. ಸಾವಕಾರರನ್ನು ತಿದ್ದುವುದು ನನ್ನ ಕೆಲಸವಲ್ಲ.

ಹೋಗುವಾಗ ನನ್ನ ಹೆಗಲ ಮೇಲೆ ಕೈ ಹಾಕಿದರು. "ಪಾರ್ಟಿಗಿಂತ ಮೊದಲ ಒಮ್ಮೆ, ಯುಗಾದಿ ಆದ ಮ್ಯಾಲ ಏಪ್ರಿಲ್ ಎರಡಕ್ಕ, ನಮ್ಮ ಮನಿಯವರಿಗೆ ತೋಟದಾಗ ಮಾಡಿ ತೋರಸು, ಸಿದ್ದಾ. ಆಗಂಗಿಲ್ಲಂದ್ರ ಈಗ ಹೇಳಿಬಿಡು, ಹುಬ್ಬಳ್ಳಿಯಿಂದ ಒಬ್ಬಾಂವನ ಕರಸ್ತೇನಿ. ಆದ್ರ ಅಂವಾ ಬಂದ್ರ ಕೌಂಟರ್ ಅವಂಗ ಕೊಡಬೇಕಾಗ್ತತಿ ನೋಡು."

ಆಗುತ್ತದೆ ಎಂದೆ. ಬಾಗಿಲು ಮುಚ್ಚಿಕೊಂಡ ಮೇಲೆ ಬಾಟಲಿ ತೆರೆದು ಮೂಗಿಗೆ ಹಿಡಿದೆ. ಗಾಜನ್ನು ಮೂಸಿದ ಹಾಗಾಯಿತು. ನಾಲಿಗೆಗೆ ಒಂದು ಹನಿ ಹಾಕಿಕೊಂಡೆ. ಸಕ್ಕರೆ ಪಾಕ, ಆಮೇಲೆ ಸ್ವಲ್ಪ ಉರಿ. ಹೂವು ಎಲ್ಲಿತ್ತೋ ದೇವರೇ ಬಲ್ಲ.

ಫೆಬ್ರುವರಿ ೧೩, ಗುರುವಾರ

ಇವತ್ತು ಸಿಕ್ಕಿಬಿದ್ದೆ. ಒಬ್ಬ ಗಿರಾಕಿಗೆ ಕಿತ್ತಳೆ ರಸ ಹಾಕಿ ಮಾಡಿಕೊಟ್ಟ ಗ್ಲಾಸು ಹಾಗೇ ವಾಪಸು ಬಂತು. ಟೇಬಲ್ ನೋಡಿಕೊಳ್ಳುವ ತನ್ವೀರ ಅದನ್ನು ನನ್ನ ಮುಂದೆ ಹಿಡಿದ.

"ರಸ ಹುಳತು ನಾರಾಕತ್ತೈತಿ, ಸಿದ್ದಣ್ಣ. ನಿನಗ ಗೊತ್ತಾಗಲಿಲ್ಲೇನು?"

ಸುಳ್ಳು ಹುಡುಕುವಷ್ಟರಲ್ಲಿ ಅವನು ನನ್ನ ಮುಖ ಓದಿಬಿಟ್ಟಿದ್ದ. ಹೇಳಿದೆ. ಅವನು ಗಿರಾಕಿಗೆ ತಾನೇ ಕ್ಷಮೆ ಕೇಳಿ ಬಂದ. "ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಆದ್ರ ನಾ ಇದನ್ನ ಕುಡಿಯಾಂವಲ್ಲ, ಮೂಸಾಂವೂ ಅಲ್ಲ. ಮೂಗು ಬೇರೆ ಕಡೆ ಹುಡುಕ್ಕೋ" ಎಂದ.

ಮೂಗು ಎಲ್ಲಿ ಬಾಡಿಗೆಗೆ ಸಿಗುತ್ತದೆ?

ವಾಸನೆ: ಇಲ್ಲ.

ಫೆಬ್ರುವರಿ ೧೯, ಬುಧವಾರ

ಬೆಳಿಗ್ಗೆ ಅಡಿಗೆಮನೆಯ ಹೊಸ್ತಿಲ ಹತ್ತಿರ ಕೂತು ಪಂಚಿನ ಅಳತೆ ಯೋಚಿಸುತ್ತಿದ್ದೆ. ಹುಳಿ ಎಷ್ಟು, ಸಿಹಿ ಎಷ್ಟು, ಖಡಕ್ಕು ಮದ್ಯ ಎಷ್ಟು, ನೀರು ಎಷ್ಟು. ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದ ವಾಣಿ ಕೂಗುತ್ತಾ ಓಡಿಬಂದಳು.

"ಹಾಲು ಹೊತ್ತಿ ಓಣಿಗೆಲ್ಲಾ ನಾತ ಹೊಂಟೈತಿ, ನೀವು ಇಲ್ಲೇ ಕುಂತೀರಿ! ಮೂಗು ಎಲ್ಲಿಟ್ಟೀರಿ?"

"ಇಲ್ಲ" ಎಂದೆ.

"ಏನಿಲ್ಲ?"

"ಮೂಗು ಇಲ್ಲ, ವಾಣಿ. ಜ್ವರ ಬಂದಾಗಿಂದ."

ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಆಮೇಲೆ ನಕ್ಕಳು. ನಕ್ಕದ್ದಕ್ಕೆ ನನಗೆ ಸಿಟ್ಟು ಬಂತು. ಅವಳು ಪಾತ್ರೆ ಕೆಳಗಿಟ್ಟು ಎದುರಿಗೆ ಕೂತಳು.

"ಮತ್ತ ಮೊನ್ನೆ ಎಣ್ಣಿಗಾಯಿ ಭಾರಿ ಚೊಲೊ ಆಗೈತಿ ಅಂದ್ರಿ?"

"ಸುಳ್ಳು ಹೇಳಿದೆ."

"ನಾ ಅದಕ್ಕ ಹುರಿದ ಶೇಂಗಾ ಹಾಕೋದ ಮರತಿದ್ದೆ. ನೀವು ಹೊಗಳಿದ್ರೆಲ್ಲ ಅಂತ ಸುಮ್ಮನಿದ್ದೆ."

ಈಗ ನಗುವ ಪಾಳಿ ನನ್ನದಾಗಿತ್ತು. ನಗು ಬರಲಿಲ್ಲ. ಹುಬ್ಬಳ್ಳಿಯವನ ವಿಷಯ, ಕೌಂಟರಿನ ವಿಷಯ ಎಲ್ಲ ಹೇಳಿದೆ. ಹೆದರಿಕೆ ಆಗೈತಿ ಎಂದೂ ಹೇಳಿದೆ. ಅವಳು ಪಾತ್ರೆಯ ತಳ ಉಜ್ಜಲು ಹೋದಳು.

ಫೆಬ್ರುವರಿ ೨೦, ಗುರುವಾರ

ನಸುಕಿನಲ್ಲಿ ಎಬ್ಬಿಸಿ ಪಡಸಾಲೆಯಲ್ಲಿ ಕೂರಿಸಿದಳು. ತಾಟಿನಲ್ಲಿ ಲವಂಗ, ಯಾಲಕ್ಕಿ, ಓಂಕಾಳು, ನಿಂಬೆ ಸಿಪ್ಪೆ. ಡಾಕ್ಟರು ಹೇಳಿದ ನಾಲ್ಕು ಪದಾರ್ಥ. ಅವರು ಹಾಗೆ ಹೇಳಿದ್ದನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಚೀಟಿ ಓದಿರಬೇಕು.

"ಕಣ್ಣು ಮುಚ್ರಿ. ಇದು ಲವಂಗ. ಸಣ್ಣಾಕಿ ಇದ್ದಾಗ ನನಗ ಹಲ್ಲು ನೋವು. ಅವ್ವ ಇದನ್ನ ಜಜ್ಜಿ ಹಚ್ಚಿ, ರಾತ್ರಿಯೆಲ್ಲಾ ತೊಡಿ ಮ್ಯಾಲ ಮಲಗಿಸ್ಕೊಂಡಿದ್ಲು. ಬಂತೇನು?"

"ಇಲ್ಲ."

"ಇದು ಓಂಕಾಳು. ಪರೀಕ್ಷಾದ ದಿನ ಹೊಟ್ಟಿ ಕೆಟ್ಟು, ಇದನ್ನ ಜಗಕೋತ ಶಾಲಿಗೆ ಹೋಗಿದ್ದೆ. ಪಾಸಾದೆ."

ಅವಳ ಹಲ್ಲಿನ ವಿಷಯವಾಗಲಿ ಪರೀಕ್ಷೆಯ ವಿಷಯವಾಗಲಿ ನನಗೆ ಗೊತ್ತಿರಲಿಲ್ಲ. ಕೇಳಿದವನೂ ಅಲ್ಲ.

ವಾಸನೆ: ಇಲ್ಲ. ನಾಲ್ಕಕ್ಕೂ ಇಲ್ಲ.

ಫೆಬ್ರುವರಿ ೨೬, ಶಿವರಾತ್ರಿ

ಆ ಬಾಟಲಿಯನ್ನು ಒಮ್ಮೆ ಮೂಸಿ ಹೇಳುತ್ತೀಯಾ ಎಂದು ವಾಣಿಯನ್ನು ಕೇಳಿದೆ. ಕೇಳಲು ಇಂಥ ದಿನವನ್ನೇ ಆರಿಸಿಕೊಂಡ ನನ್ನ ಬುದ್ಧಿಗೆ ಏನನ್ನಬೇಕು. ಉಪವಾಸ ಹಿಡಿದವಳು ನನ್ನನ್ನು ದುರುಗುಟ್ಟಿ ನೋಡಿ ಗುಡಿಗೆ ಹೋದಳು. ತಿರುಗಿ ಬಂದು, "ನಾಳೆ. ಅದೂ ಹಿತ್ತಲದಾಗ. ಮನಿಯೊಳಗ ತರಬ್ಯಾಡ್ರಿ" ಎಂದಳು.

ಫೆಬ್ರುವರಿ ೨೭, ಗುರುವಾರ

ಹಿತ್ತಲಲ್ಲಿ, ಅರಿವೆ ಒಗೆಯುವ ಕಲ್ಲಿನ ಹತ್ತಿರ. ಪಕ್ಕದ ಮನೆಯ ಮಗ್ಗದ ಸದ್ದು ಗೋಡೆಯಾಚೆ ನಡೆದೇ ಇತ್ತು. ಮುಚ್ಚಳಕ್ಕೆ ಒಂದಿಷ್ಟು ಹಾಕಿ ಕೊಟ್ಟೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೂಗು ಮಾತ್ರ ಹೊರಗಿಟ್ಟು ಮೂಸಿದಳು. ಮುಖ ಕಿವುಚುತ್ತಾಳೆ ಎಂದುಕೊಂಡಿದ್ದೆ. ಮತ್ತೊಮ್ಮೆ ಮೂಸಿದಳು.

"ರೀ, ಇದು ಬೇವಿನ ಹೂವಲ್ಲೇನು?"

"ಎಲ್ಡರ್‌ಫ್ಲವರ್."

"ಇರವಲ್ದ್ಯಾಕ. ನಸುಕಿನ್ಯಾಗ ಬೇವಿನ ಗಿಡದ ಬುಡಕ್ಕ ಹೋದ್ರ ಬರ್ತೈತೆಲ್ಲ, ಆ ವಾಸನಿ. ಮ್ಯಾಲ ಜೇನು. ಹಿಂದಿನಿಂದ ಕಳಿತ ಪ್ಯಾರಲಹಣ್ಣು."

ನಾನು ಗಡಬಡಿಸಿ ಎಲ್ಲವನ್ನೂ ಬರೆದುಕೊಂಡೆ. ಗೋವಾದಲ್ಲಿ ನನಗೆ ಕಲಿಸಿದವರೂ ಒಂದು ಹೂವನ್ನು ಇಷ್ಟು ಬಿಡಿಸಿ ಹೇಳಿದ್ದಿಲ್ಲ. "ಇದು ಕುಡಿಯೂದಂದ್ರ ಪಾಪ ಅನಸ್ತೈತಿ. ಬರೇ ಮೂಸಾಕ ಇಟ್ಟಿದ್ರ ಚೊಲೊ ಇತ್ತು" ಎಂದು ಹೇಳಿ ಕೈ ತೊಳೆದುಕೊಂಡಳು.

ಮಾರ್ಚ್ ೮, ಶನಿವಾರ

ವಾರವಿಡೀ ಹೋಟೆಲಿನಲ್ಲಿ ಬೆರೆಸುವುದು, ಸಣ್ಣ ಶೀಸೆಯಲ್ಲಿ ಮನೆಗೆ ತರುವುದು, ಹಿತ್ತಲಿನ ಕಲ್ಲಿನ ಮೇಲೆ ವಾಣಿಯ ಮುಂದೆ ಇಡುವುದು. ಪರೀಕ್ಷೆಗೆ ಕೂತ ಹಾಗಿದೆ. ಮೊದಲನೆಯದಕ್ಕೆ, "ನಿಂಬಿ ಹೂವನ್ನ ತಿಂದು ಹಾಕೇತಿ" ಎಂದಳು. ನಿಂಬೆ ತೆಗೆದು ಮಾವಿನಕಾಯಿ ಬೇಯಿಸಿದ ನೀರು ಹಾಕಿದೆ. ಪುದೀನ ಹಾಕಿದ್ದಕ್ಕೆ, "ಅಂಗಡ್ಯಾಗಿನ ಪೇಪರಮೆಂಟು" ಎಂದು ದೂರ ಸರಿಸಿದಳು. ಕೊನೆಗೆ ತಾನೇ ಒಳಗೆ ಹೋಗಿ ಒಂದು ಎಳೆಯ ಸವತೆಕಾಯಿ ತಂದು ಮುರಿದು ಶೀಸೆಯ ಪಕ್ಕ ಹಿಡಿದಳು. "ಎರಡೂ ಕೂಡಿ ಮೂಸ್ರಿ" ಎಂದವಳು ನಾಲಿಗೆ ಕಚ್ಚಿಕೊಂಡಳು. "ಮರತೆ. ನಾನ ಮೂಸ್ತೀನಿ ತಡೀರಿ."

ಸವತೆಕಾಯಿ ಸರಿಯಾಯಿತು. ಖಡಕ್ಕಿಗೆ ಜಿನ್ನು, ಸವತೆಕಾಯಿ ರಸ, ಮಾವಿನಕಾಯಿ ನೀರು, ಆ ಹೂವಿನ ಮದ್ಯ; ಸೋಡಾ ಕೊನೆಗೆ. ನಾಲಿಗೆಗೆ ನಾನು, ಮೂಗಿಗೆ ಅವಳು. ಹೋಟೆಲಿನಿಂದ ಬಂದವನನ್ನು ಇವತ್ತು ಬಾಗಿಲಲ್ಲೇ ತಡೆದು, ಅಂಗಿಯ ತೋಳು ಹಿಡಿದು ಮೂಸಿ, "ಇವತ್ತಿಂದು ಜಿನ್ನು ಜಾಸ್ತಿ ಆಗೇತಿ" ಎಂದಳು. ಜಾಸ್ತಿಯಾಗಿತ್ತು. ಹಾಗೇ ಒಳಗೆ ಬಂದು ಕೂತು ಅಳತೆ ತಿದ್ದಿದೆವು. ರೊಟ್ಟಿ ಆರಿಹೋಯಿತು.

ವಾಸನೆ: ಇಲ್ಲ.

ಮಾರ್ಚ್ ೧೭, ಸೋಮವಾರ

ಹೊಸ ಗಂಡಾಂತರ. ಸಾವಕಾರರು ತಮ್ಮ ಬಳಗದ ಹಿರಿಯರಿಗೆಲ್ಲ, "ನಿಮ್ಮ ಸಲುವಾಗಿ ಪರದೇಶದಿಂದ ಹಿರೇರ ಹೂವಿನ ಪಾನಕ ತರಿಸೇನಿ" ಎಂದು ಹೇಳಿಕೊಂಡು ಬಂದಿದ್ದಾರೆ. ಅವರಿಗೆ ಆ ಬಾಟಲಿ ಮದ್ಯವೆಂದು ಗೊತ್ತಿಲ್ಲವೆಂದಲ್ಲ. ಹಿರಿಯರಿಗೆಂದೇ ಮಾಡಿದ ಔಷಧದಂಥ ಮದ್ಯ, ಅದರಿಂದ ಹೂವನ್ನು ಮಾತ್ರ ನಾನು ಹೇಗೋ ತೆಗೆದುಕೊಡುತ್ತೇನೆ ಎಂದು ತಿಳಿದಿದ್ದರಂತೆ! ಅವರ ತಾಯಿ ಗದಿಗೆವ್ವನವರು ದಿನಾ ಕೇಳುತ್ತಿದ್ದಾರೆ. ಇಷ್ಟಲಿಂಗ ಪೂಜೆ ಮಾಡದೆ ನೀರೂ ಮುಟ್ಟದ ಹಿರಿಯ ಜೀವ ಅದು.

ಕಾಂಚನಾ ನಕ್ಕು ನಕ್ಕು ಸಾಕಾದಳು. ಆಮೇಲೆ, "ಆಯಿಗೆ ಸುಳ್ಳು ಹೇಳಾಕ ಆಗಂಗಿಲ್ಲ, ಸಿದ್ದಣ್ಣ. ಮದ್ಯ ಇಲ್ಲದ ಇನ್ನೊಂದು ಮಾಡ್ರಿ. ನೋಡಾಕ ನಮ್ಮದರಂಗನ ಇರಲಿ, ತಮಗ ಬ್ಯಾರೆ ಕೊಟ್ರು ಅಂತ ಹಿರೇರಿಗೆ ಅನಸಬಾರದು" ಎಂದಳು.

ಹೂವಿಲ್ಲದೆ ಹೂವಿನ ಪಾನಕ. ಮನೆಗೆ ಬಂದು ತಲೆ ಹಿಡಿದುಕೊಂಡು ಕೂತೆ. ವಾಣಿ ಬಹಳ ಹೊತ್ತು ಯೋಚಿಸಲಿಲ್ಲ. "ಹೂವು ಗಿಡದಾಗ ಬಿಡಾಕತ್ತೈತಿ. ಯುಗಾದಿಗೆ ಹೆಂಗೂ ಬೇವು ಕುಡೀತೇವಿ. ಹೂವು ನೀರಾಗ ನೆನಿ ಹಾಕ್ರಿ, ಬಾಳ ಹೊತ್ತು ಬ್ಯಾಡ, ಕಹಿ ಬಿಡ್ತೈತಿ" ಎಂದಳು.

ಮಾರ್ಚ್ ೨೧, ಶುಕ್ರವಾರ

ಬೇವಿನ ಹೂವಿನ ನೀರು ಮೂರು ಸಲ ಕಹಿಯಾಯಿತು. ನಾಲ್ಕನೆಯದು ಪರವಾಗಿಲ್ಲ ಎಂದಳು.

ಮಧ್ಯಾಹ್ನ ಅಂಗಳದಲ್ಲಿ ಹೂವು ಬಿಡಿಸುತ್ತಿದ್ದೆ. ವಾಣಿ ಒಲೆಯ ಮೇಲೆ ರೊಟ್ಟಿ ಬಿಟ್ಟು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತಿದ್ದಳು. "ರೊಟ್ಟಿ ಹೊತ್ತಾಕತ್ತೈತಿ ನೋಡು" ಎಂದು ಕೂಗಿದೆ. ಓಡಿಬಂದು ಹಂಚು ಇಳಿಸಿ, ಬಾಗಿಲಲ್ಲಿ ನಿಂತು ನನ್ನನ್ನು ಒಂದು ಥರಾ ನೋಡಿದಳು, ರೊಟ್ಟಿ ಕರಕಾದದ್ದು ನನ್ನದೇ ತಪ್ಪು ಎನ್ನುವ ಹಾಗೆ. ಹೆಂಗಸರ ಸಿಟ್ಟಿಗೆ ಕಾರಣ ಹುಡುಕಬಾರದು.

ಮಾರ್ಚ್ ೩೦, ಯುಗಾದಿ

ಬೆಳಿಗ್ಗೆ ಅಭ್ಯಂಗನ, ಆಮೇಲೆ ಬೇವು. ನಮ್ಮ ಕಡೆ ಬೇವು ತಿನ್ನುವುದಲ್ಲ, ಕುಡಿಯುವುದು. ಬೆಲ್ಲದ ನೀರಿಗೆ ಹುಣಸೆಹುಳಿ, ಮಾವಿನಕಾಯಿ, ಪುಠಾಣಿ ಹಿಟ್ಟು, ಬಾಳೆಹಣ್ಣು, ಒಣದ್ರಾಕ್ಷಿ, ಮೇಲೆ ಬೇವಿನ ಹೂ. ಹುಳಿ, ಸಿಹಿ, ಕಹಿ, ನೀರು ಎಲ್ಲಾ ಲೆಕ್ಕಕ್ಕೆ ಸರಿಯಾಗಿ ಬಿದ್ದಿದೆ. ಖಡಕ್ಕು ಒಂದಿಲ್ಲ. ಇಷ್ಟು ವರ್ಷ ಪಂಚ್ ಕಲಿಯಲು ಗೋವಾಕ್ಕೆ ಹೋಗಿದ್ದೆ ಎಂದು ಹೆಮ್ಮೆ ಪಡುತ್ತಿದ್ದೆ. ನನ್ನ ಅವ್ವ ವರ್ಷಕ್ಕೊಮ್ಮೆ ತಂಬಿಗೆಯಲ್ಲಿ ಕಲೆಸಿ ಕೊಡುತ್ತಿದ್ದದ್ದು ಇದನ್ನೇ. ಎರಡು ವಾಟಗಾ ಕುಡಿದೆ. ಹೊಸ ಬೆಲ್ಲ ಘಮ್ಮೆನ್ನುತ್ತಿತ್ತು.

ಮುಂಡರಗಿಯಿಂದ ವಾಣಿಯ ಚಿಗವ್ವ ಬಂದಿದ್ದರು. ಜಗುಲಿಯ ಮೇಲೆ ಸಾಲಾಗಿಟ್ಟ ಶೀಸೆಗಳನ್ನು ನೋಡಿ, "ಏನವಾ ಇವು? ಅಳಿಯಂದು ಜ್ಯೂಸಿನ ಅಂಗಡಿ ಅಲ್ಲೇನು?" ಎಂದರು. ನಾನು ಎದ್ದು ಒಳಗೆ ಹೋಗಲು ನೋಡಿದೆ.

"ಅಲ್ಲ ಚಿಗವ್ವಾ. ಬಾರಿನ್ಯಾಗ ಇದಾರ. ಶರಬತ್ತೂ ಮಾಡ್ತಾರ, ಆ ಇನ್ನೊಂದೂ ಮಾಡ್ತಾರ. ಎರಡಕ್ಕೂ ಮೂಗು ನಂದು" ಎಂದಳು ವಾಣಿ. ಹೇಳಿ ಹೋಳಿಗೆಗೆ ತುಪ್ಪ ಬಡಿಸಿದಳು. ಚಿಗವ್ವ ಹೋಳಿಗೆ ಮಾತ್ರ ಇನ್ನೊಂದು ಹಾಕಿಸಿಕೊಂಡರು.

ಏಪ್ರಿಲ್ ೨, ಬುಧವಾರ

ಎಲ್ಲ ಮುಗಿಯಿತು. ನಿದ್ದೆ ಬರುವಂತಿಲ್ಲ, ಬರೆದೇ ಬಿಡುತ್ತೇನೆ.

ಸಂಜೆ ತೋಟದಲ್ಲಿ ಮುಚ್ಚಳವಿರುವ ಎರಡು ಜಗ್ಗು ಸಿದ್ಧ ಮಾಡಿದ್ದೆ. ಒಂದರಲ್ಲಿ ಎಲ್ಡರ್‌ಫ್ಲವರ್, ಜಿನ್ನು. ಇನ್ನೊಂದರಲ್ಲಿ ಬೇವಿನ ಹೂವಿನ ನೀರು, ಜೇನು. ಉಳಿದದ್ದು ಎರಡಕ್ಕೂ ಒಂದೇ, ಬಣ್ಣವೂ ಒಂದೇ. ಅದಕ್ಕೇ ಚೀಟಿ ಅಂಟಿಸಿದ್ದೆ. ನಾನು ಸೋಡಾ ತರಲು ಆಚೆ ಹೋಗಿದ್ದಾಗ ತನ್ವೀರ, ಪಾಪ, ತಣ್ಣಗಿರಲೆಂದು ಎರಡನ್ನೂ ಬರಫಿನ ನೀರಿನ ಟಬ್ಬಿನಲ್ಲಿ ಇಳಿಸಿದ್ದ. ನಾನು ಬರುವಷ್ಟರಲ್ಲಿ ಎರಡೂ ಚೀಟಿ ಬಿಚ್ಚಿ ನೀರಿನ ಮೇಲೆ ತೇಲುತ್ತಿದ್ದವು.

ಅದೇ ಹೊತ್ತಿಗೆ ಗದಿಗೆವ್ವನವರು ಬಂದು ಹೊರಸಿನ ಮೇಲೆ ಕೂತರು. "ಎಲ್ಲೈತೋ ತಮ್ಮಾ, ನನ್ನ ಹೂವಿನ ನೀರು?" ಸಾವಕಾರರು ಹಿಗ್ಗಿನಿಂದ, "ಮೊದಲನೇ ಗ್ಲಾಸು ಅವ್ವಗ ಕೊಡು, ಸಿದ್ದಾ" ಎಂದರು.

ಆ ಮುದುಕಿಯ ಮುಂದೆ ಹೆಂಡ ಯಾವುದರಲ್ಲಿದೆ ಎಂದು ಬಾಯಿಬಿಟ್ಟು ಕೇಳುವಂತಿಲ್ಲ. ಚಮಚಕ್ಕೆ ಹಾಕಿ ರುಚಿ ನೋಡಲು ಹೋದೆ, ಅಷ್ಟರಲ್ಲೇ, "ಎಂಜಲ ಮಾಡಬ್ಯಾಡೋ, ಹಂಗ ಕೊಡು" ಎಂದು ಕೈ ಚಾಚಿದರು. ಕೌಂಟರಿನ ಚಿಂತೆ ಆಗ ತಲೆಯಲ್ಲಿ ಇರಲೇ ಇಲ್ಲ. ಜನ್ಮದಲ್ಲಿ ಮುಟ್ಟದ್ದನ್ನು ಆಕೆಯ ಬಾಯಿಗೆ ನಾನೇ ಹಾಕಿದಂತಾದರೆ ಆ ಪಾಪವನ್ನು ಎಲ್ಲಿ ತೊಳೆದುಕೊಳ್ಳಲಿ?

ಎಡಗಡೆಯ ಜಗ್ಗು ಎತ್ತಿ ಮುಚ್ಚಳ ಸರಿಸಿದೆ. ಇದಲ್ಲ ಎಂದು ಕೆಳಗಿಟ್ಟೆ. ಬಲಗಡೆಯದನ್ನು ಎತ್ತಿ ಸರಿಸಿದೆ. ಇದು. ಗ್ಲಾಸಿಗೆ ಸುರಿದು ಕೊಟ್ಟೆ.

ಗದಿಗೆವ್ವನವರು ನಿಧಾನಕ್ಕೆ ಪೂರಾ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಯುಗಾದಿ ಬೇವು ಕುಡದಂಗ ಆತು. ಇದನ್ನ ಅಷ್ಟು ದೂರದಿಂದ ಯಾಕ ತರಸಿದ್ಯೋ ಮಾದೇವಾ? ಗಿಡ ಇಲ್ಲೇ ಐತೆಲ್ಲ!"

ಕಾಂಚನಾ ತನ್ನ ಜಗ್ಗಿನದನ್ನು ಕುಡಿದು, ಕಣ್ಣರಳಿಸಿ, ಇನ್ನೊಂದು ಗ್ಲಾಸು ಕೇಳಿದಳು. ಸಾವಕಾರರು ಹುಬ್ಬಳ್ಳಿಯವನ ಮಾತು ಮತ್ತೆ ಎತ್ತಲಿಲ್ಲ. "ಪಾರ್ಟಿಗೆ ಎರಡೂ ಇರಲಿ" ಎಂದರು.

ಗ್ಲಾಸು ತೊಳೆಯುವಾಗ ತನ್ವೀರ ಹತ್ತಿರ ಬಂದ. "ಸಿದ್ದಣ್ಣ, ನೀ ರುಚಿ ನೋಡಲಿಲ್ಲ. ಚೀಟಿ ಇರಲಿಲ್ಲ. ಹೆಂಗ ಗೊತ್ತಾತು?"

"ಹೆಂಗಂದ್ರ? ಒಂದರಾಗ ಜಿನ್ನಿನ ವಾಸನಿ, ಒಂದರಾಗ ಬೇವಿನ..." ಎಂದವನು ಅಲ್ಲಿಗೇ ನಿಂತೆ. ಕೈಯೊಳಗಿನ ಗ್ಲಾಸನ್ನು ಮೂಗಿಗೆ ಹಿಡಿದೆ. ಸವತೆಕಾಯಿ. ಅದರ ಹಿಂದೆ ಜೇನು. ತನ್ವೀರನ ಅತ್ತರು. ಕಟ್ಟೆಯ ಒದ್ದೆ ಮಣ್ಣು. ಎಲ್ಲ ತಂತಮ್ಮ ಜಾಗದಲ್ಲಿದ್ದವು. ಅಲ್ಲೇ ಕೂತು ಅತ್ತೆ. ತನ್ವೀರ ನನಗೆ ಮರೆಯಾಗಿ ನಿಂತುಕೊಂಡ.

ಮನೆಗೆ ಓಡಿದೆ. ಮುಂಬಾಗಿಲಲ್ಲೇ ಹೇಳಿದೆ. ವಾಣಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ರೊಟ್ಟಿ ಹೊತ್ತಿದ ದಿನಾನ ನನಗ ಗೊತ್ತಾಗೇತಿ" ಎಂದಳು.

"ಮತ್ತ ಯಾಕ ಹೇಳಲಿಲ್ಲ?"

ಮೊರದ ಮೇಲೆ ಬೆರಳಾಡಿಸುತ್ತಾ ಇದ್ದಳು. ಆಮೇಲೆ, ತಲೆ ಎತ್ತದೆ, "ಹೇಳಿದ್ರ ನೀವು ಮುಂಜಾನೆ ಬಂದು ನನ್ನ ಮುಂದ ಕುಂಡ್ರತಿದ್ರೇನು?" ಎಂದಳು.

ಮೊರದ ಪಕ್ಕ ಕೂತು ನಾನೂ ಅಕ್ಕಿ ಆರಿಸತೊಡಗಿದೆ.

ಏಪ್ರಿಲ್ ೩, ಗುರುವಾರ

ಇವತ್ತು ತಾಟು ಬರುವುದಿಲ್ಲ ಎಂದುಕೊಂಡಿದ್ದೆ. ಆದರೂ ನಸುಕಿಗೇ ಎದ್ದು, ಮುಖ ತೊಳೆದು, ಪಡಸಾಲೆಯಲ್ಲಿ ಕೂತೆ. ವಾಣಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋದಳು. ತಾಟು ತಂದಳು.

ಕಣ್ಣು ಮುಚ್ಚಿದೆ. ಮೂ‍ಗಿನ ಹತ್ತಿರ ಏನೋ ಹಿಡಿದಳು. ಲವಂಗ, ಆ ಖಾರದ ಘಾಟು ನೆತ್ತಿಗೇರಿತು. ಅದರ ಹಿಂದೆಯೇ ಅವಳ ಕೈಯ ಅರಿಷಿಣ, ತಲೆಯ ಸೀಗೇಕಾಯಿ.

"ಏನಿದು ಹೇಳ್ರಿ?"

"ಯಾಲಕ್ಕಿ" ಎಂದೆ.

ಲವಂಗವನ್ನು ತಿರುಗಿ ತಾಟಿಗೆ ಹಾಕಿದ ಸದ್ದು ಕೇಳಿತು.

"ಇನ್ನೂ ಪೂರಾ ಆರಾಮಾಗಿಲ್ಲ ನಿಮಗ" ಎಂದಳು ವಾಣಿ. "ನಾಳೆನೂ ಕುಂಡ್ರಬೇಕಾಗ್ತೈತಿ."